ಹುಲಿಯಮ್ಮನ ಕೈಯ ಒಂದೂವರೆ ಸೆಕೆಂಡು

ಹಾನುಬಾಳಿನ ಮಂಜಿನ ಬಗ್ಗೆ ನಾನು ಹೇಳುವುದನ್ನು ಜನ ನಂಬುವುದಿಲ್ಲ. ಹೋದ ಆಷಾಢದಲ್ಲಿ ಸ್ನಾನ ಮುಗಿಸಿ ಬಂದು, ಟವೆಲನ್ನು ತಂತಿಯ ಮೇಲೆ ಹಾಕಿದೆ ಎಂದುಕೊಂಡು ಮಂಜಿನ ಮೇಲೆಯೇ ಹಾಕಿ ಒಳಗೆ ಹೋಗಿದ್ದೆ. ಮೂರು ದಿನ ಅದು ಅಲ್ಲೇ ನೇತಾಡುತ್ತಿತ್ತು. ನಾಲ್ಕನೆಯ ದಿನ ಬಿಸಿಲು ಬಂದಾಗ ದೊಪ್ಪೆಂದು ಕೆಳಗೆ ಬಿತ್ತು. ಇದಕ್ಕೆ ನನ್ನ ಹೆಂಡತಿ ನಂಜಮ್ಮ ಸಾಕ್ಷಿ. ಆದರೆ ಯಾರಾದರೂ ಕೇಳಿದರೆ ಅವಳು ನನ್ನ ಮುಖ ನೋಡಿ ಒಳಗೆ ಹೋಗಿಬಿಡುತ್ತಾಳೆ. ಮದುವೆಯಾದ ದಿನದಿಂದ ಅವಳದ್ದು ಅದೇ ಅಭ್ಯಾಸ.

ಇಂಥ ಮಂಜಿರುವ ಊರಿಗೆ, ಬೆಂಗಳೂರಿನಿಂದ ಹಾಡಿನ ವಿಡಿಯೊ ತೆಗೆಯಲು ಬಂದವರು ಹೊಗೆ ಬಿಡುವ ಯಂತ್ರ ತಂದಿದ್ದರು. ನಮ್ಮ ಮನೆಯ ಪಕ್ಕದ ಬಿಳಿಕಲ್ಲು ಕಾಫಿ ಎಸ್ಟೇಟಿಗೆ ಅವರು ಮೂರು ಸಲ ಬಂದರು. ಹಣ್ಣು ಕೆಂಪಾದಾಗ ಒಮ್ಮೆ, ಕುಯ್ಲು ಮುಗಿಯುವ ಹೊತ್ತಿಗೆ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ. ಮಳೆಗಾಲದಲ್ಲಿ ಮಾತ್ರ ಯಂತ್ರವನ್ನು ಜೀಪಿನಿಂದ ಇಳಿಸಲಿಲ್ಲ. ಇಳಿಸಲು ಹೋದವನಿಗೆ ಜೀಪೇ ಕಾಣಲಿಲ್ಲವಂತೆ.

ಆ ಮೂರೂ ಸಲ ಅವರು ಅಲ್ಲಿ ಹಣ್ಣು ಕುಯ್ಯುವ ಹುಲಿಯಮ್ಮನನ್ನು ನಡೆಸಿದರು, ನಿಲ್ಲಿಸಿದರು, ತಿರುಗಿಸಿದರು. ಟೋಪಿ ಹಾಕಿಕೊಂಡ ನಿರ್ದೇಶಕ ಹುಡುಗ ‘ಅಮ್ಮಾ, ಇನ್ನೊಂದ್ಸಲ’ ಎನ್ನುತ್ತಿದ್ದ. ಅವಳು ಇನ್ನೊಂದು ಸಲ ಮಾಡುತ್ತಿದ್ದಳು. ಮಳೆಗಾಲ ಕಳೆದ ಮೇಲೆ ಹಾಡು ಬಂತು. ಅದನ್ನು ನೋಡಿದವರ ಸಂಖ್ಯೆ ಎಷ್ಟೆಂದರೆ, ಕರ್ನಾಟಕದಲ್ಲಿ ಇರುವವರೆಲ್ಲ ಒಂದೊಂದು ಸಲ ನೋಡಿ, ಆಮೇಲೆ ತಮ್ಮ ದನಕರುಗಳನ್ನೂ ಕೂರಿಸಿಕೊಂಡು ತೋರಿಸಿರಬೇಕು.

ಆ ಹಾಡು ಹುಲಿಯಮ್ಮನನ್ನು ಮನೆಯಲ್ಲಿ ಕೂರಿಸಿಬಿಟ್ಟಿತು. ಅದನ್ನೇ ನಾನು ಈಗ ಹೇಳುವುದು.

ಹುಲಿಯಮ್ಮ ಹುಟ್ಟಿದ್ದು ಯಸಳೂರು ಕಡೆ. ಮದುವೆಯಾಗಿ ಬಿಳಿಕಲ್ಲು ಎಸ್ಟೇಟಿನ ಕೂಲಿಯವರ ಲೈನ್ ಮನೆಗೆ ಬಂದಾಗ ಹದಿನೇಳು ತುಂಬಿತ್ತು. ಈಗ ಅರವತ್ತಮೂರು. ಗಂಡ ಲಕ್ಕಯ್ಯ ತೀರಿಕೊಂಡು ಹನ್ನೆರಡು ವರ್ಷವಾಯಿತು. ಮಗಳು ವಾಣಿ ಆಲೂರಿನಲ್ಲಿ ಹಾಸ್ಟೆಲೊಂದರ ಅಡುಗೆ ಕೆಲಸದಲ್ಲಿದ್ದಾಳೆ. ವಾಣಿಯ ಮಗಳು ನವ್ಯಶ್ರೀ ಹಾಸನದಲ್ಲಿ ಪತ್ರಿಕೋದ್ಯಮ ಎಂ.ಎ. ಓದುತ್ತಿದ್ದು, ಶನಿವಾರ ಭಾನುವಾರ ಅಜ್ಜಿಯ ಹತ್ತಿರ ಬರುತ್ತಾಳೆ.

ಹುಲಿಯಮ್ಮ ಹಣ್ಣು ಕುಯ್ಯುವುದನ್ನು ನೋಡಬೇಕು. ಒಂದು ಗಂಟಿನಲ್ಲಿ ಹದಿನೈದು ಕಾಯಿ ಅಂಟಿಕೊಂಡಿದ್ದರೆ, ಅದರಲ್ಲಿ ಆರು ಹಣ್ಣಾಗಿದ್ದರೆ, ಅವಳ ಬೆರಳು ಆ ಆರನ್ನು ಮಾತ್ರ ಕರೆದುಕೊಂಡು ಬರುತ್ತದೆ. ಉಳಿದ ಒಂಬತ್ತಕ್ಕೆ ಪಕ್ಕದವರು ಎದ್ದು ಹೋದದ್ದೇ ತಿಳಿಯುವುದಿಲ್ಲ. ಒಮ್ಮೆ ಅವಳು ಕುಯ್ದು ಹೋದ ಗಿಡದ ಮೇಲೆ ಒಂದು ಪಿಕಳಾರ ಹಕ್ಕಿ ಗೂಡು ಕಟ್ಟಿಕೊಂಡು ಮಲಗಿತ್ತು. ಸಂಜೆ ಎದ್ದು, ಇನ್ನೂ ಯಾರೂ ಕುಯ್ಯಲು ಬರಲಿಲ್ಲವಲ್ಲ ಎಂದು ಅತ್ತ ಇತ್ತ ನೋಡುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಇದರ ವಿರುದ್ಧ ಇನ್ನೊಂದು ಕುಯ್ಲು ಇದೆ. ಗಿಡದ ಅಡ್ಡ ಕೊಂಬೆಗೆ ನಮ್ಮಲ್ಲಿ ರೆಕ್ಕೆ ಎನ್ನುತ್ತೇವೆ. ಆ ರೆಕ್ಕೆಯನ್ನು ಬುಡದಲ್ಲಿ ಹಿಡಿದು ತುದಿಯವರೆಗೆ ಸರ್ರನೆ ಎಳೆದುಬಿಡುವುದು. ಹಣ್ಣು, ಕಾಯಿ, ಎಲೆ ಎಲ್ಲ ಒಂದೇ ಸಲಕ್ಕೆ ಕೈಗೆ ಬರುತ್ತವೆ. ಬುಟ್ಟಿ ಬೇಗ ತುಂಬುತ್ತದೆ. ಗಿಡ ಮಾತ್ರ ಕೋಳಿಯ ಪುಕ್ಕ ಕಿತ್ತಂತಾಗುತ್ತದೆ. ಎಲ್ಲ ಹಣ್ಣೂ ಮುಗಿದು ಅಲ್ಲೊಂದು ಇಲ್ಲೊಂದು ಕಾಯಿ ಉಳಿದಿರುವ ಕೊನೆಯ ಸುತ್ತಿನಲ್ಲಿ ರೆಕ್ಕೆ ಎಳೆಯುವುದೇ ಕೆಲಸ. ಅದಕ್ಕೆ ಮೊದಲು ಎಳೆದವಳ ಜೊತೆ ಲೈನಿನ ಹೆಂಗಸರು ಊಟಕ್ಕೆ ಕೂರುವುದಿಲ್ಲ.

ಬಿಳಿಕಲ್ಲು ಎಸ್ಟೇಟಿನಲ್ಲಿ ಒಂದು ಪದ್ಧತಿ ಇದೆ. ಕುಯ್ಲಿನ ಮೊದಲ ದಿನ ಎಲ್ಲರೂ ದಾರಿಯಲ್ಲಿ ನಿಂತಿರಬೇಕು. ಒಬ್ಬಳು ಮಾತ್ರ ಮೊದಲ ಸಾಲಿಗೆ ಇಳಿದು, ಹತ್ತು ಗಿಡ ಕುಯ್ಯಬೇಕು. ಆಮೇಲೆ ಉಳಿದವರು. ಮೊದಲು ಇಳಿದವಳ ಕೈ ಹೇಗೋ ಆ ವರ್ಷವೆಲ್ಲ ಎಲ್ಲರ ಕೈಯೂ ಹಾಗೇ ಎಂಬ ನಂಬಿಕೆ. ಹತ್ತೊಂಬತ್ತು ವರ್ಷದಿಂದ ಆ ಮೊದಲ ಸಾಲು ಹುಲಿಯಮ್ಮನದು. ಅದೇ ಹತ್ತೊಂಬತ್ತು ವರ್ಷದಿಂದ ಅವಳ ಹಿಂದೆಯೇ ನಿಂತು ಕಾಯುತ್ತಿರುವವಳು ಪಕ್ಕದ ಮನೆಯ ಭೂತಮ್ಮ.

ಈಗ ಹಾಡಿಗೆ ಬರುತ್ತೇನೆ. ಗಿಟಾರು ಹಿಡಿದ ಒಬ್ಬ ಹುಡುಗ ನಮ್ಮ ಗುಡ್ಡದ ಮೇಲೆ ಕುಳಿತು ಹಾಡುತ್ತಾನೆ. ಬಿಳಿ ಸೀರೆಯ ಹುಡುಗಿಯೊಬ್ಬಳು ಮಂಜಿನಲ್ಲಿ ನಡೆದು ಹೋಗುತ್ತಲೇ ಇರುತ್ತಾಳೆ, ಎಲ್ಲಿಗೂ ಮುಟ್ಟುವುದಿಲ್ಲ. ಎಲ್ಲವೂ ನಿಧಾನ. ಎಲೆಯಿಂದ ಹನಿ ಕಳಚಿಕೊಂಡು ನೆಲಕ್ಕೆ ಬೀಳುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಮುಗಿಸಬಹುದು. ನಾನು ದಿನಾ ಸೌದೆ ತರುವ ದಾರಿ ಅದರಲ್ಲಿ ಬರುತ್ತದೆ. ನೀಲಿಯಾಗಿ, ತೇವವಾಗಿ, ನಾನು ಯಾವುದೋ ಜ್ವರದಲ್ಲಿ ಕಂಡ ದಾರಿಯ ಹಾಗೆ. ಅದನ್ನು ನೋಡಿದ ಮರುದಿನ ಅದೇ ದಾರಿಯಲ್ಲಿ ಹೋಗುವಾಗ ನನಗೆ ಚಪ್ಪಲಿ ಬಿಟ್ಟು ನಡೆಯಬೇಕೆನ್ನಿಸಿತು. ಬಿಟ್ಟೆ. ಎರಡು ಜಿಗಣೆ ಹತ್ತಿದ ಮೇಲೆ ಕನಸು ಇಳಿಯಿತು.

ಹಾಡಿನ ನಡುವೆ ಹುಲಿಯಮ್ಮ ಬರುತ್ತಾಳೆ. ಮೊದಲು ಕೆಂಪು ಹಣ್ಣು ತುಂಬಿ ಬಾಗಿದ ರೆಕ್ಕೆ. ಆಮೇಲೆ ಹುಲಿಯಮ್ಮ ಮುಖ ತಿರುಗಿಸಿ ನಮ್ಮನ್ನು ನೋಡುತ್ತಾಳೆ. ಆಮೇಲೆ ಕೈ. ಬರಿಯ ಕೈ. ರೆಕ್ಕೆಯನ್ನು ಹಿಡಿದು ಸರ್ರನೆ ಎಳೆಯುತ್ತದೆ. ಆ ಕ್ಷಣಕ್ಕೇ ಡೋಲು ಬಡಿದು, ಬಿಳಿ ಸೀರೆಯ ಹುಡುಗಿಯ ಕಣ್ಣಿಂದ ನೀರು ಉದುರುತ್ತದೆ.

ಹಾಡು ನೋಡಿದವರೆಲ್ಲ ‘ಆ ಅಜ್ಜಿಯ ಕೈ ನೋಡಿ ಎದೆ ಝಲ್ಲೆಂದಿತು’ ಎಂದು ಕೆಳಗೆ ಬರೆದಿದ್ದರು. ನಮ್ಮ ಲೈನಿನವರಿಗೂ ಎದೆ ಝಲ್ಲೆಂದಿತು. ಕಾರಣ ಬೇರೆ.

“ಹಣ್ಣಿನ್ ಕಾಲ್ದಾಗೆ ರೆಕ್ಕೆ ಎಳ್ದವ್ಳಲ್ಲೇ, ಹುಲಿಯವ್ವ!” ಎಂದು ಭೂತಮ್ಮ ನಲ್ಲಿಯ ಹತ್ತಿರ ಕೊಡ ಇಳಿಸಿ ಹೇಳಿದಳು. “ನಮ್ಗೆಲ್ಲ ಬುದ್ಧಿ ಹೇಳ್ತಿದ್ದೋಳು. ಕ್ಯಾಮರಾ ಕಂಡೇಟ್ಗೆ ಕೈ ಹೆಂಗ್ ಕುಣೀತು ನೋಡು.”

“ಕೊನೆ ಸುತ್ನಾಗೆ ಎಳೆದಿದ್ದಿರ್ಬೈದು ಕಣೆ,” ಎಂದಳು ಹುಲಿಯಮ್ಮ. ಅವಳಿಗೇ ಸರಿಯಾಗಿ ನೆನಪಿರಲಿಲ್ಲ. ನೂರು ಸಲ ಕೈ ಆಡಿಸಲು ಹೇಳಿದ್ದರು. ಯಾವುದನ್ನು ಯಾವಾಗ ಆಡಿಸಿದ್ದೆಂದು ಯಾರಿಗೆ ಗೊತ್ತು?

“ಕೊನೆ ಸುತ್ತಾ? ಅದಕ್ಕೆ ಮುಂಚೇನೇ ರೆಕ್ಕೆ ತುಂಬ ಕೆಂಪು ಹಣ್ಣು ತೋರುಸ್ತಾರಲ್ಲ. ಕೊನೆ ಸುತ್ನಾಗೆ ಅಷ್ಟು ಹಣ್ಣು ನಿಮ್ಮಪ್ಪ ತಂದು ಅಂಟ್ಸಿದ್ನಾ?”

ಕೈ ತನ್ನದಲ್ಲ ಎಂದು ಹುಲಿಯಮ್ಮ ಹೇಳುವಂತಿರಲಿಲ್ಲ. ಮಣಿಕಟ್ಟಿನ ಮೇಲೆ ಹಸಿರು ಹಚ್ಚೆಯ ತುಳಸಿಕಟ್ಟೆ, ಮದುವೆಗೆ ಮುಂಚೆ ಹಾಕಿಸಿಕೊಂಡದ್ದು, ಅಷ್ಟಗಲ ಕಾಣುತ್ತಿತ್ತು. ಅವಳು ಕೊಡವನ್ನು ಅರ್ಧಕ್ಕೇ ಎತ್ತಿಕೊಂಡು ಮನೆಗೆ ಹೋದಳು. ಕುಯ್ಲು ಶುರುವಾಗಲು ನಾಲ್ಕು ದಿನವಿತ್ತು. ಅಂದು ಸಂಜೆಯೇ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಜಯಕುಮಾರನಿಗೆ ಹೇಳಿಕಳಿಸಿದಳು, ಈ ವರ್ಷ ಮೊದಲ ಸಾಲಿಗೆ ಬೇರೆಯವರನ್ನು ನೋಡಿಕೊಳ್ಳಿ ಎಂದು. ಮೊದಲ ಸಾಲಿಗೆ ಅಷ್ಟೇ ಅಲ್ಲ, ಕುಯ್ಲಿಗೇ ಬರುವುದಿಲ್ಲ ಎಂದು.

ಜಯಕುಮಾರ ನನ್ನ ಹತ್ತಿರ ಓಡಿ ಬಂದ. “ತೋಟಪ್ಪಣ್ಣ, ನೀವಾದ್ರೂ ಹೇಳ್ರೀ. ಒಂದ್ ಹಾಡಿಗೆ ಹಿಂಗ್ ಮಾಡಿದ್ರೆ ಹೆಂಗೆ ಮಾರಾಯ್ರೆ? ಆವಮ್ಮ ಇಳೀದೆ ಹೆಂಗಸ್ರು ಕೈ ಚುರುಕಾಗಕ್ಕಿಲ್ಲ. ಭೂತಮ್ಮನ್ನ ಇಳ್ಸಿದ್ರೆ ಅರ್ಧ ಲೈನು ಮಾತು ಬುಡ್ತದೆ.”

ನಾನು ಅದಾಗಲೇ ನನ್ನ ಕೈಲಾದದ್ದನ್ನು ಮಾಡಿದ್ದೆ. ಆ ಹಾಡಿನ ಕೆಳಗೆ ‘ಈ ಕೈ ನಿರಪರಾಧಿ’ ಎಂದು ನನ್ನ ಹೆಸರಿನಲ್ಲೇ ಬರೆದಿದ್ದೆ. ಮೂರು ಜನ ಮೆಚ್ಚಿದರು. ಅದರಲ್ಲಿ ಒಬ್ಬ ನಾನೇ.

ಶನಿವಾರ ಬೆಳಿಗ್ಗೆ ಹುಲಿಯಮ್ಮ ನಮ್ಮ ಹಲಸಿನ ಮರದ ಬುಡಕ್ಕೆ ಬಂದು ಕುಳಿತಳು. ಸುತ್ತಮುತ್ತ ಮೊಬೈಲಿಗೆ ಸಿಗ್ನಲ್ ಸಿಗುವ ಜಾಗ ಅದೊಂದೇ. ಸಿಗ್ನಲ್ ಪಾಪ, ದೋಣಿಗಲ್ಲಿನಿಂದ ಘಾಟಿ ಹತ್ತಿ ಬರುವಷ್ಟರಲ್ಲಿ ಸುಸ್ತಾಗಿ, ನಮ್ಮ ಹಲಸಿನ ಮರಕ್ಕೆ ಒರಗಿ ದಣಿವಾರಿಸಿಕೊಳ್ಳುತ್ತದೆ. ಮೊಮ್ಮಗಳ ಬಸ್ಸು ಎಲ್ಲಿಗೆ ಬಂತೆಂದು ಕೇಳಲು ಅವಳು ಬಂದಿದ್ದಳು. ಕೇಳಿದ ಮೇಲೂ ಏಳಲಿಲ್ಲ. ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, ಬೇರೆಯವರ ಮಗುವನ್ನು ನೋಡುವ ಹಾಗೆ ನೋಡುತ್ತಿದ್ದಳು.

“ತೋಟಪ್ಪಣ್ಣ,” ಎಂದಳು. “ನಿದ್ದೆ ಮಾಡ್ದಾಗ ನನ್ ಕೈ ಎದ್ದೋಗ್ಬುಡ್ತದೆ.”

“ಎಲ್ಲಿಗೆ?”

“ತ್ವಾಟಕ್ಕೆ. ಚಿಲಕ ತೆಗ್ದು, ಮೆಟ್ಲು ಇಳ್ದು, ಮಂಜಿನಾಗೆ ಒಂದೇ ಹೋಗ್ತದೆ. ನಾನು ಹಾಸ್ಗೇಲೇ ಬಿದ್ದಿರ್ತೀನಿ, ನಂಗೆ ಎಲ್ಲಾ ಕಾಣ್ತಿರ್ತದೆ. ಒಂದೊಂದೇ ಗಿಡಕ್ಕೆ ಹೋಗಿ ಸರ್ ಸರ್ ಅಂತ ಎಳೀತದೆ. ಸಾಲಿಗ್ ಸಾಲೇ ಬೋಳು ಮಾಡ್ತದೆ. ಕೂಗಿದ್ರೆ ನಿಲ್ಲಕ್ಕಿಲ್ಲ. ಬೆಳಿಗ್ಗೆ ತಣ್ಣಗೆ ಒದ್ದೆಯಾಗಿ ಬಂದು ಪಕ್ಕದಾಗೆ ಮನೀಕಂತದೆ.” ಅವಳು ನನ್ನ ಕಡೆ ತಿರುಗಿದಳು. “ನಾನು ಎಳ್ದಿರ್ಬೈದಾ? ಆ ಟೋಪಿ ಹುಡ್ಗ ಚೆಂದಾಗಿ ಮಾತಾಡ್ಸದ. ಅಮ್ಮಾ ಅಮ್ಮಾ ಅಂದ. ಅವನ ಮಾತಿಗೆ ಮರುಳಾಗಿ ಎಳ್ದೇಬುಟ್ನಾ?”

ಜನ ಏನೆನ್ನುತ್ತಾರೆ ಎನ್ನುವುದನ್ನು ಅವಳು ದಾಟಿಬಿಟ್ಟಿದ್ದಳು. ತನ್ನ ಕೈಯನ್ನು ತಾನೇ ನಂಬದ ಕಡೆಗೆ ಬಂದು ನಿಂತಿದ್ದಳು. ನಲವತ್ತಾರು ವರ್ಷದ ಕುಯ್ಲಿನ ಸಂಗಾತಿ ಅದು. ಲಕ್ಕಯ್ಯನಿಗಿಂತ ಹೆಚ್ಚು ದಿನ ಜೊತೆಗಿದ್ದದ್ದು.

ಹತ್ತೂವರೆಯ ಬಸ್ಸಿಗೆ ನವ್ಯಶ್ರೀ ಇಳಿದಳು. ಬೆನ್ನಿಗೆ ಲ್ಯಾಪ್‌ಟಾಪು, ಬಾಯಲ್ಲಿ ಸಂತೋಷ. “ತಾತ, ಅಜ್ಜೀ, ಇಬ್ರೂ ಇಲ್ಲೇ ಇದೀರಾ! ಒಳ್ಳೇದಾಯ್ತು. ನನ್ ಪ್ರಾಜೆಕ್ಟ್ ಕೇಳಿ. ಮಂಗಳವಾರ ಕೊಡ್ಬೇಕು. ಅಜ್ಜಿ ಹಾಡನ್ನೇ ತಗೊಂಡಿದೀನಿ. ‘ಮಾಧ್ಯಮ ಸಿದ್ಧಾಂತದ ಬೆಳಕಿನಲ್ಲಿ ಒಂದು ಸಂಗೀತ ವಿಡಿಯೊ.’”

ಅಲ್ಲೇ ಬೇರಿನ ಮೇಲೆ ಕುಳಿತು ಓದತೊಡಗಿದಳು. ಹುಡುಗಿ ಜಾಣೆ. ಬಿಳಿ ಸೀರೆಯವಳನ್ನು ಕ್ಯಾಮರಾ ಯಾವಾಗಲೂ ಹಿಂದಿನಿಂದಲೇ ಹಿಂಬಾಲಿಸುವುದು ಯಾಕೆ, ಆ ನೋಟ ಯಾರದು, ಅದರ ಒಡೆತನ ಯಾರ ಕೈಯಲ್ಲಿದೆ ಎಂದೆಲ್ಲ ಬರೆದಿದ್ದಳು. ನೋಡುವವರು ಒಂದೇ ವಿಡಿಯೊವನ್ನು ಮೂರು ಥರ ಓದಬಹುದಂತೆ. ಮಾಡಿದವನು ಹೇಳಿದ್ದನ್ನು ಒಪ್ಪಿಕೊಂಡು, ಅರ್ಧ ಒಪ್ಪಿ ಅರ್ಧ ಬಿಟ್ಟು, ಇಲ್ಲವೇ ಪೂರ್ತಿ ಎದುರು ನಿಂತು. ನನ್ನ ಮನೆಯಲ್ಲಿ ನನ್ನ ಮಾತನ್ನು ಐವತ್ತು ವರ್ಷದಿಂದ ಮೂರನೆಯ ಥರವೇ ಓದಿಕೊಂಡು ಬರಲಾಗುತ್ತಿದೆ ಎಂದು ನನಗೆ ಅಂದೇ ತಿಳಿದದ್ದು.

ಆಮೇಲೆ ಅವಳು ಗಂಟಲು ಸರಿಮಾಡಿಕೊಂಡಳು. “ಇದು ನನ್ನ ಬೆಸ್ಟ್ ಪ್ಯಾರಾ. ‘ಈ ದೃಶ್ಯದಲ್ಲಿ ವೃದ್ಧೆಯ ಕೈ ಒಂದು ಸೂಚಕ. ರೆಕ್ಕೆಯನ್ನು ನಿರ್ದಯವಾಗಿ ಎಳೆಯುವ ಆ ಕೈ, ನಿಸರ್ಗದ ಮೇಲೆ ಬಂಡವಾಳವು ನಡೆಸುವ ಹಿಂಸೆಯನ್ನು ಸೂಚಿಸುತ್ತದೆ.’”

ಮರದ ಮೇಲಿನ ಮಂಜು ಟಪ್ ಟಪ್ ಎಂದು ಬಿತ್ತು.

“ಅದ್ಯಾರವ್ವ, ವೃದ್ಧೆ?” ಎಂದಳು ಹುಲಿಯಮ್ಮ.

“ನೀನೇ ಅಜ್ಜಿ.”

“ನಿರ್ದಯ ಅಂದ್ರೆ?”

ನವ್ಯಶ್ರೀ ನನ್ನನ್ನು ನೋಡಿದಳು. ನಾನು ಹಲಸಿನ ಮರವನ್ನು ನೋಡಿದೆ.

“ಅಜ್ಜಿ, ಅದು ನೀನಲ್ಲ. ಅಂದ್ರೆ, ನಿನ್ನ ಚಿತ್ರ. ವಿಡಿಯೊ ಒಳಗೆ ಹೋದ್ಮೇಲೆ ಅದು ಬರೀ ಒಂದು ಗುರುತು, ನಿನಗೂ ಅದಕ್ಕೂ ಸಂಬಂಧ ಇರಲ್ಲ.”

“ಸಂಬಂಧ ಇಲ್ದಿದ್ರೆ ನನ್ ಹಚ್ಚೆ ಯಾಕವ್ವ ಅದರ ಸಂಗಡ ಹೋಯ್ತು?” ಎಂದು ಅವಳು ಸೆರಗು ಕೊಡವಿಕೊಂಡು ಎದ್ದು, ಮಂಜಿನೊಳಗೆ ನಡೆದುಹೋದಳು. ವಿಡಿಯೊದ ಕೊನೆಯಲ್ಲಿ ಅವಳು ಹೀಗೆಯೇ ಬೆನ್ನು ಹಾಕಿ ಹೋಗುತ್ತಾಳೆ. ಆದರೆ ಅಲ್ಲಿ ಕೊಳಲು ನುಡಿಯುತ್ತದೆ. ಇಲ್ಲಿ ಅವಳ ಮೊಣಕಾಲಿನ ಕಟಕಟ ಕೇಳಿಸಿತು.

ನವ್ಯಶ್ರೀಗೆ ನಾನು ನಡೆದದ್ದನ್ನೆಲ್ಲ ಹೇಳಿದೆ. ನಲ್ಲಿಯ ಜಗಳ, ಮೊದಲ ಸಾಲು, ಕೈಯ ಕನಸು. ಅವಳು ಹಾಳೆಗಳನ್ನು ಮಡಚಿ ಮೊಣಕಾಲ ಮೇಲಿಟ್ಟುಕೊಂಡಳು. “ನಮ್ಮ ಲೆಕ್ಚರರ್ ಆ ಪ್ಯಾರಾ ನೋಡಿ ತುಂಬ ಚೆನ್ನಾಗಿದೆ ಅಂದಿದ್ರು ತಾತ,” ಎಂದಳು, ಅದನ್ನೇ ಇನ್ನೊಂದು ಸಲ ಹೇಳಿದಳು.

ಮರುದಿನ ಭಾನುವಾರ ಮಧ್ಯಾಹ್ನ. ಮಧ್ಯಾಹ್ನ ಎನ್ನುವುದು ಗಡಿಯಾರದ ಅಭಿಪ್ರಾಯ. ಹಲಸಿನ ಮರದ ಸುತ್ತ ಹಾಲು ಚೆಲ್ಲಿದ ಹಾಗೆ ಮಂಜು. ನವ್ಯಶ್ರೀ ಅಜ್ಜಿಯನ್ನು ಕೈಹಿಡಿದು ಕರೆತಂದು ಲ್ಯಾಪ್‌ಟಾಪಿನ ಮುಂದೆ ಕೂರಿಸಿದಳು. ಮಗನಿಗೆ ಫೋನ್ ಮಾಡುವ ನೆವದಿಂದ ಭೂತಮ್ಮ ಮೊದಲೇ ಬಂದು ಕಾಂಡಕ್ಕೆ ಒರಗಿ ನಿಂತಿದ್ದಳು. ಫೋನು ಸೊಂಟದಲ್ಲೇ ಇತ್ತು.

“ಅಜ್ಜಿ, ಒಂದ್ ಕಥೆ ಹೇಳ್ತೀನಿ ಕೇಳು. ನೂರು ವರ್ಷದ ಹಿಂದೆ ರಷ್ಯಾ ದೇಶದಲ್ಲಿ ಒಬ್ಬ ಸಿನಿಮಾದವ್ನು ಇದ್ದ. ಒಬ್ಬ ಗಂಡಸಿನ ಮುಖ ತೋರ್ಸಿ, ಆಮೇಲೆ ಒಂದ್ ಬಟ್ಟಲು ಸಾರು ತೋರ್ಸಿದ. ಜನ, ಅಯ್ಯೋ ಪಾಪ, ಎಷ್ಟು ಹಸಿದಿದಾನೆ ಅಂದ್ರು. ಅದೇ ಮುಖ ತೋರ್ಸಿ, ಶವದ ಪೆಟ್ಟಿಗೆ ತೋರ್ಸಿದ. ಎಷ್ಟು ದುಃಖ ಪಡ್ತಿದಾನೆ ಅಂದ್ರು. ಮುಖ ಮಾತ್ರ ಒಂದೇ. ಬದಲಾಗೇ ಇರ್ಲಿಲ್ಲ.”

“ಸಾರು ಯಾವ್ದು?” ಎಂದಳು ಭೂತಮ್ಮ.

“ಯಾವುದೋ ಒಂದು, ಭೂತಜ್ಜಿ. ವಿಷ್ಯ ಅದಲ್ಲ. ಎರಡು ಚಿತ್ರ ಒಂದರ ಪಕ್ಕ ಒಂದು ಇಟ್ರೆ, ನೋಡೋರ ತಲೇನೇ ಮೂರನೇದನ್ನ ಹುಟ್ಟಿಸ್ಕೊಳ್ಳುತ್ತೆ. ಕೆಂಪು ಹಣ್ಣು, ಅದರ ಪಕ್ಕ ಅಜ್ಜಿ ಕೈ. ನೀವೆಲ್ಲ ಒಂದೇ ದಿನದ್ದು, ಒಂದೇ ಗಿಡದ್ದು ಅನ್ಕೊಂಡ್ರಿ. ನಾನೂ ಹಂಗೇ ಅನ್ಕೊಂಡು ಬರೆದೆ. ಅವರು ಮೂರು ಸಲ ಬಂದಿದ್ರು ಅಂತ ತಾತ ಹೇಳ್ದಾಗ್ಲೇ ನಂಗೆ ಹೊಳೆದಿದ್ದು.”

“ಹಂಗಂತ ನೀನು ಹೇಳ್ತೀಯ. ಮೊಮ್ಮಗಳಲ್ವಾ,” ಎಂದಳು ಭೂತಮ್ಮ. “ಬ್ಯಾರೆ ದಿನ ಅನ್ನಾಕೆ ಏನೈತೆ ಗುರ್ತು?”

ಗುರುತು ನವ್ಯಶ್ರೀ ಹತ್ತಿರ ಇರಲಿಲ್ಲ. ಬೆಳಿಗ್ಗೆಯಿಂದ ಹತ್ತು ಸಲ ನೋಡಿದ್ದಳಂತೆ. ಅವಳು ಪುಸ್ತಕ ಓದಿದವಳು, ಗಿಡ ಓದಿದವಳಲ್ಲ. ಆದರೂ ಹಿಂದಿನ ಚಿತ್ರ, ಮುಂದಿನ ಚಿತ್ರ, ಹಾಡು ಎಲ್ಲ ತೆಗೆದು, ಕೈಯೊಂದನ್ನೇ ಪರದೆಯ ಮೇಲೆ ನಿಲ್ಲಿಸಿದಳು. ಅದು ಇರುವುದು ಒಂದೂವರೆ ಸೆಕೆಂಡು. ಅದರಲ್ಲಿ ಮೂವತ್ತಾರು ಚಿತ್ರಗಳಿವೆಯಂತೆ. ಒಂದು ಗುಂಡಿ ಒತ್ತಿದರೆ ಒಂದು ಚಿತ್ರ ಮುಂದೆ ಹೋಗುತ್ತದೆ.

ಹುಲಿಯಮ್ಮ ಕಣ್ಣು ಮುಚ್ಚಿಕೊಂಡಳು. “ನಾ ನೋಡಕ್ಕಿಲ್ಲ ಕಣವ್ವ. ಕನಸಾಗೆ ನೋಡಿದ್ದೇ ಸಾಕು.”

ನವ್ಯಶ್ರೀ ಗುಂಡಿ ಒತ್ತಿದಳು. ಒಂದು. ಎರಡು. ಮೂರು. ಡೋಲಿಲ್ಲ, ಕಣ್ಣೀರಿಲ್ಲ. ಆ ಕೈ ಎಳೆಯುತ್ತಿದೆ ಎಂದೇ ಅನ್ನಿಸಲಿಲ್ಲ. ಮಲಗಿದ ದನದ ಬೆನ್ನು ಸವರುವ ಹಾಗೆ, ನೀರಿನೊಳಗೆ ಚಲಿಸುವ ಹಾಗೆ, ರೆಕ್ಕೆಯ ಉದ್ದಕ್ಕೂ ಜಾರಿ ಬರುತ್ತಿತ್ತು. ಹತ್ತು. ಹನ್ನೊಂದು. ಎಲ್ಲಿಯೋ ಒಂದು ಮಂಗಟ್ಟೆ ಹಕ್ಕಿ ರೆಕ್ಕೆ ಬಡಿದು ಹೋಯಿತು. ಇಪ್ಪತ್ತು. ನಾನೂ ನವ್ಯಶ್ರೀಯೂ ಪರದೆಯ ಕಡೆ ಬಗ್ಗಿದೆವು. ಮಂಜು ಕೂಡ ಹತ್ತಿರ ಬಂದು ಭುಜದ ಮೇಲಿಂದ ಬಗ್ಗಿ ನೋಡುತ್ತಿತ್ತೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಇಪ್ಪತ್ತೊಂಬತ್ತು. ಮೂವತ್ತು. ಮೂವತ್ತೊಂದು.

“ಏಯ್, ನಿಲ್ಸು!” ಭೂತಮ್ಮ ಕಾಂಡ ಬಿಟ್ಟು ಬಂದು ಪರದೆಗೆ ಮೂಗು ತಾಗಿಸಿದಳು. “ಹಿಂದಕ್ಕೋಗು. ಮುಂದಕ್ಕೆ. ನೋಡು, ಇಲ್ಲಿ. ಕೈ ಬುಟ್ಟದೆ!”

ಕೈ ಬಿಟ್ಟಿತ್ತು. ರೆಕ್ಕೆಯ ತುದಿಗೆ ಇನ್ನೂ ನಾಲ್ಕು ಬೆರಳು ಇರುವಾಗಲೇ ಮುಷ್ಟಿ ಸಡಿಲವಾಗಿ, ಬೆರಳುಗಳು ಹೂವಿನ ಹಾಗೆ ಬಿಚ್ಚಿಕೊಂಡಿದ್ದವು. ಉಳಿದ ಐದು ಚಿತ್ರಗಳಲ್ಲಿ ಕೈ ತುದಿಯನ್ನು ಮುಟ್ಟದೆ, ಅದರ ಮೇಲೆ ಗಾಳಿಯಲ್ಲಿ ದಾಟಿ ಹೋಯಿತು. ವಿಡಿಯೊದವನು ಅಷ್ಟಕ್ಕೇ ಕತ್ತರಿಸಿ ಹುಡುಗಿಯನ್ನು ಅಳಿಸಿದ್ದ.

“ಕೈ ಬಿಟ್ರೆ ಏನಾಯ್ತು?” ಎಂದಳು ನವ್ಯಶ್ರೀ.

“ಏನಾಯ್ತು ಅಂತ ಕೇಳ್ತಾಳೆ ನೋಡು, ಎಂಎ ಓದೋಳು! ತುದೀಗೆ ಏನೈತೆ ನೋಡೇ. ದೊಡ್ಡದು ಮಾಡು. ಇನ್ನೂ ಮಾಡು.”

ದೊಡ್ಡದು ಮಾಡಿದಳು. ನೀಲಿ ಬಣ್ಣ ಬಳಿದ ಚಿತ್ರದೊಳಗೆ, ರೆಕ್ಕೆಯ ತುದಿಯ ಗಂಟುಗಳಲ್ಲಿ, ಅಕ್ಕಿಕಾಳಿನಷ್ಟು ಗಾತ್ರದ ಏನೋ ಗುಂಪು ಗುಂಪಾಗಿ ಕಂಡಿತು.

“ಮೊಗ್ಗು,” ಎಂದಳು ಭೂತಮ್ಮ. “ಮುಂದಿನ್ ವರ್ಷದ ಮೊಗ್ಗು. ಕೊನೆ ಸುತ್ನಾಗೆ ಅಲ್ದೆ ಯಾವಾಗ ಬತ್ತವೆ ಇವು? ಹಣ್ಣಿನ್ ಕಾಲ್ದಾಗೆ ಈ ದಪ್ಪ ಮೊಗ್ಗು ಯಾವ ರೆಕ್ಕೇಲೈತೆ, ತೋರ್ಸಿ ನಂಗೆ. ಕೊನೆ ಸುತ್ನಾಗೂ ಹಾಳು ಹೆಂಗಸ್ರು ತುದೀಗಂಟ ಎಳೀತಾರೆ, ಮೊಗ್ಗೆಲ್ಲ ಮಣ್ಣಿಗೋಯ್ತದೆ. ಇವ್ಳು ನಾಕು ಬೆಳ್ಳು ಮುಂಚೇನೇ ಬುಟ್ಟವ್ಳೆ. ಕ್ಯಾಮರಾ ಮುಂದೆ, ಅವನು ಎಳಿ ಎಳಿ ಅಂತ ಬಡ್ಕೊಂತಿದ್ರೂ…”

ಅಲ್ಲಿಗೆ ಭೂತಮ್ಮನ ಮಾತು ನಿಂತಿತು. ತಾನು ಏನು ಹೇಳುತ್ತಿದ್ದೇನೆ, ಯಾರ ಪರವಾಗಿ ಹೇಳುತ್ತಿದ್ದೇನೆ ಎಂಬುದು ಆಗ ಅವಳಿಗೆ ಹೊಳೆದಿರಬೇಕು. ಹಣೆ ಚಚ್ಚಿಕೊಂಡಳು. “ಥೂ, ನನ್ ಬಾಯಿಗೆ ಮಣ್ಣಾಕ! ಹತ್ತೊಂಬತ್ತು ವರ್ಷ ಕಾದಿವ್ನಿ. ನಾನೇ ಹೇಳ್ಬೇಕಿತ್ತಾ ಇದನ್ನ? ಇವ್ಳು ಕಣ್ಮುಚ್ಕೊಂಡಿದ್ಲು, ಈ ಹುಡ್ಗಿಗೆ ಗೊತ್ತಿಲ್ಲ, ಆವಯ್ಯ ಮೊದ್ಲೇ ಸುಳ್ಬುರ್ಕ. ಸುಮ್ಕಿದ್ದಿದ್ರೆ ಆಗ್ತಿತ್ತು.”

ಆವಯ್ಯ ಎಂದರೆ ನಾನು.

ಹುಲಿಯಮ್ಮ ಕಣ್ಣು ತೆರೆದಿದ್ದಳು. ಪರದೆಯ ಮೇಲಿನ ಬಿಚ್ಚಿದ ಕೈಯನ್ನೂ ತನ್ನ ಮಡಿಲಿನ ಕೈಯನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ, ಯಾರಿಗೋ ಅಲ್ಲ, ಆ ಕೈಗೇ ಹೇಳುವ ಹಾಗೆ ಹೇಳಿದಳು: “ಶಿವರಾತ್ರಿಗೆ ಹತ್ತು ದಿನ ಇತ್ತು. ಹೂಂ. ಆ ಹುಡ್ಗ, ತುದೀಗಂಟ ಎಳಿಯಮ್ಮಾ, ನೋಡಕ್ಕೆ ಚೆಂದ ಅಂದ. ಅಲ್ಲಿ ಮೊಗ್ಗೈತೆ ಕಣಪ್ಪ ಅಂದೆ. ಮೂರ್ ಸಲ ಮಾಡ್ಸದ. ಮೂರ್ ಸಲಾನೂ ಕೈ ತಾನೇ ನಿಂತೋಯ್ತು.” ಸ್ವಲ್ಪ ತಡೆದು, “ನಾ ನಿಲ್ಸಲಿಲ್ಲ. ಅದೇ ನಿಂತಿದ್ದು,” ಎಂದಳು.

ನವ್ಯಶ್ರೀ ಅಳುತ್ತಿದ್ದಳೋ ನಗುತ್ತಿದ್ದಳೋ ಮಂಜಿನಲ್ಲಿ ತಿಳಿಯಲಿಲ್ಲ. “ನನ್ನ ಬೆಸ್ಟ್ ಪ್ಯಾರಾ ಹೋಯ್ತು ಅಜ್ಜಿ.”

“ಹೋಗ್ಲಿ ಬುಡು ಕೂಸೆ. ಇನ್ನೊಂದು ಬರಿ. ಭೂತಿ ಹೇಳ್ತಾಳೆ, ಬರ್ಕೋ.”

ಭೂತಮ್ಮ ಮುಖ ತಿರುಗಿಸಿಕೊಂಡು ನಿಂತಿದ್ದಳು. ಆದರೆ ನವ್ಯಶ್ರೀ ಪೆನ್ನು ತೆಗೆದದ್ದೇ ತಡ, ಕೆಂಪು ಹಣ್ಣಿನ ಎಲೆ ಹೇಗೆ, ಕೊನೆ ಸುತ್ತಿನ ಎಲೆ ಹೇಗೆ, ಯಾವ ಗಂಟಿನಲ್ಲಿ ಏನು ನೋಡಬೇಕು ಎಂದು ಶುರುಮಾಡಿದವಳು ಕತ್ತಲಾಗುವವರೆಗೆ ಬಿಡಲಿಲ್ಲ. ಆ ಹುಡುಗಿಯ ಪ್ರಾಜೆಕ್ಟಿನ ಕೊನೆಯ ಪುಟದಲ್ಲಿ, ದೇಶವಿದೇಶದ ಪಂಡಿತರ ಸಾಲಿನಲ್ಲಿ, ‘ಭೂತಮ್ಮ, ಬಿಳಿಕಲ್ಲು ಎಸ್ಟೇಟ್ ಲೈನ್, ಮಾತಿನಲ್ಲಿ ತಿಳಿಸಿದ್ದು’ ಎಂದು ಇದೆ. ಲೆಕ್ಚರರು ಅದರ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಒಂದು ಪ್ರಶ್ನೆಯ ಚಿಹ್ನೆ ಹಾಕಿದ್ದಾರಂತೆ. ಮೆಚ್ಚಿದ್ದಕ್ಕೋ ಮೆಚ್ಚದ್ದಕ್ಕೋ ಇನ್ನೂ ಗೊತ್ತಾಗಿಲ್ಲ.

ಮೊದಲ ಕುಯ್ಲಿನ ದಿನ ಬೆಳಿಗ್ಗೆ ನಾನೂ ಹೋಗಿ ದಾರಿಯಲ್ಲಿ ನಿಂತೆ. ಜಯಕುಮಾರ ಹುಲಿಯಮ್ಮನ ಮುಖ ನೋಡಿದ. ಅವಳು ಬುಟ್ಟಿಯನ್ನು ಸೊಂಟಕ್ಕೆ ಕಟ್ಟಿಕೊಂಡು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಮೊದಲ ಸಾಲಿಗೆ ಇಳಿದಳು. ಹತ್ತನೆಯ ಗಿಡ ಮುಗಿಯುವ ಮೊದಲೇ ಭೂತಮ್ಮ ಅವಳ ಹಿಂದೆ ನುಗ್ಗಿ, ಕುಯ್ದ ಒಂದೊಂದೇ ರೆಕ್ಕೆಯನ್ನು ಎತ್ತಿ ಎತ್ತಿ ನೋಡಿದಳು. ಏಳನೆಯ ಗಿಡದಲ್ಲಿ ಒಂದು ಹಸಿರು ಕಾಯಿ ನೆಲಕ್ಕೆ ಬಿದ್ದಿತ್ತು. ಅದನ್ನು ಹೆಕ್ಕಿ ಎಲ್ಲರಿಗೂ ತೋರಿಸಿದಳು.

“ವಯಸ್ಸಾಯ್ತು ಕಣೆ ನಿಂಗೆ,” ಎಂದಳು.

“ಆಗ್ಲಿ. ಮುಂದಿನ್ ವರ್ಷ ನೀನಿಳಿ,” ಎಂದಳು ಹುಲಿಯಮ್ಮ, ತಿರುಗಿ ನೋಡದೆ. ಭೂತಮ್ಮನ ಬಾಯಿ ತೆರೆದದ್ದು ತೆರೆದೇ ಇತ್ತು. ಅದರೊಳಗೆ ಸುಮಾರು ಅರ್ಧ ಸೇರು ಮಂಜು ಹೋಗಿರಬೇಕು.

ವಾರ ಕಳೆದು, ಸಕಲೇಶಪುರದ ಹೋಮ್‌ಸ್ಟೇಯಿಂದ ಕಾರಿನಲ್ಲಿ ನಾಲ್ಕು ಜನ ಪಟ್ಟಣದವರು ಬಂದರು. ‘ಆ ಹಾಡಿನ ಅಮ್ಮ’ ಎಲ್ಲಿ ಎಂದು ಹುಡುಕಿಕೊಂಡು ಸಾಲಿನವರೆಗೂ ಇಳಿದರು. ಮೊಬೈಲು ಎತ್ತಿ ಹಿಡಿದು, “ಅಮ್ಮಾ, ವಿಡಿಯೊದಲ್ಲಿ ಮಾಡಿದ್ರಲ್ಲ, ಹಂಗೆ ಒಂದ್ಸಲ ಎಳೀರಿ. ಪ್ಲೀಸ್,” ಎಂದರು.

“ಈಗ ಆಗಕ್ಕಿಲ್ಲ ಕಣಪ್ಪ. ಶಿವರಾತ್ರಿ ಹತ್ರಕ್ಕೆ ಬನ್ನಿ.”

“ಬರೀ ವಿಡಿಯೊಗೆ ಅಮ್ಮಾ. ಒಂದೇ ಒಂದು ಕೊಂಬೆ.”

“ವಿಡಿಯೊಗೂ ಶಿವರಾತ್ರೀನೇ.”

ಅವರು ಭೂತಮ್ಮನ ಕಡೆ ತಿರುಗಿದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಕೂದಲು ಸರಿಮಾಡಿಕೊಂಡು ನಿಂತಳು. “ಬೇಕಾರೆ ನಗ್ತೀನಿ. ರೆಕ್ಕೆ ಮುಟ್ಟು ಅನ್ಬೇಡಿ.”

ಅಷ್ಟರಲ್ಲಿ ಕೆಳಗಿನ ಹಳ್ಳದಿಂದ ಮಂಜು ಎದ್ದು ಬಂತು. ಮೊದಲು ಕಾರು ಅದರೊಳಗೆ ಮರೆಯಾಯಿತು, ಆಮೇಲೆ ಭೂತಮ್ಮನ ನಗು, ಆಮೇಲೆ ಹುಲಿಯಮ್ಮ, ಕೊನೆಗೆ ನನ್ನ ಕೈಯಲ್ಲಿದ್ದ ಬೀ‍ಡಿ. ಪಟ್ಟಣದವರು ಅದನ್ನೇ ಎರಡು ನಿಮಿಷ ಚಿತ್ರ ತೆಗೆದುಕೊಂಡು ಹೋದರು. ಆಮೇಲೆ ಅದನ್ನು ಎಲ್ಲರಿಗೂ ಕಳಿಸಿದ್ದಾರೆ, ನನಗೂ ಬಂತು. ಉದ್ದಕ್ಕೂ ಬಿಳಿ, ಬೇರೇನೂ ಕಾಣುವುದಿಲ್ಲ. ಕಿವಿ ಹತ್ತಿರ ಹಿಡಿದರೆ ಮಾತ್ರ ಬುಟ್ಟಿಗೆ ಹಣ್ಣು ಬೀಳುವ ಸದ್ದು ಕೇಳಿಸುತ್ತದೆ. ಒಂದೊಂದೇ.